ಮತಾಂತರವಿಲ್ಲದೆ ಮದುವೆ: ತಕರಾರನ್ನು ನಾನು ಎದುರಿಸಿದ ಬಗೆ

"ವಿಶೇಷ ವಿವಾಹ ಕಾಯ್ದೆ ಅಂತ 30 ದಿನ ಯಾರು ಕಾಯ್ತಾರೆ ವಕೀಲ್ರೇ? ಹುಡುಗಿಯನ್ನ ಅವನ ಧರ್ಮಕ್ಕೆ ಸೇರಿಸಿ, ಮುಗಿಸಿ" ಎನ್ನುತ್ತಿದ್ದರು ನಮ್ಮ ವಕೀಲರ ಸಂಘದ ಹಿರಿಯರು. ಧರ್ಮ ಬದಲಿಸದೆ ಮದುವೆಯಾಗಲು ಇರುವ ಕಾಯ್ದೆ ಇದು. ವಿವಾಹ ಅಧಿಕಾರಿಗೆ ನೋಟಿಸ್ ಕೊಟ್ಟು, ಅದನ್ನು ಬೋರ್ಡಿಗೆ ಅಂಟಿಸಿ, ತಕರಾರು ಬರುತ್ತದೇನೋ ಎಂದು 30 ದಿನ ಕಾಯಬೇಕು. ಕರ್ನಾಟಕದಲ್ಲಿ ಮತಾಂತರಕ್ಕೆ ಕಡಿವಾಣ ಹಾಕುವ 2022ರ ಕಾಯ್ದೆ ಬಂದ ಮೇಲೆ ಮತಾಂತರದ ದಾರಿಯೂ ಸಲೀಸಾಗಿ ಉಳಿಯಲಿಲ್ಲ. ಅದಿರಲಿ, ಮದುವೆಯಾಗಲು ಒಬ್ಬರು ತಮ್ಮ ದೇವರನ್ನು ಬಿಡಬೇಕು ಎನ್ನುವುದೇ ನನಗೆ ಒಪ್ಪಿಗೆಯಿಲ್ಲ.

ಮನೆಯವರಿಗೆ ಗೊತ್ತಾಗದಿರಲಿ ಎಂದು ಬೇರೆ ಜಿಲ್ಲೆಯಲ್ಲಿ ರೂಮು ಹಿಡಿದು ಅಲ್ಲೇ ನೋಟಿಸ್ ಕೊಡುವುದು ಎಲ್ಲರೂ ಮಾಡುವ ಉಪಾಯ. ಆದರೆ ಕಾಯಂ ವಿಳಾಸ ಊರಿನದಾದರೆ ಕಾಯ್ದೆಯ 6(3)ನೇ ಕಲಮಿನ ಪ್ರಕಾರ ಒಂದು ಪ್ರತಿ ಊರಿನ ಬೋರ್ಡಿಗೂ ಬರುತ್ತದೆ. ನನ್ನ ಮೊದಲ ಜೋಡಿಯ ನೋಟಿಸಿನ ಫೋಟೋ ಸಂಜೆಯೊಳಗೆ ವಾಟ್ಸಾಪಿನಲ್ಲಿತ್ತು. ಹುಡುಗಿಯನ್ನು ಮನೆಯವರು ಕರೆದೊಯ್ದರು. ಮೂರು ತಿಂಗಳು ಕಳೆದು ನೋಟಿಸೂ ಬಿದ್ದುಹೋಯಿತು. ಪಿಜಿ ಬಾಡಿಗೆ, ಅಡ್ವಾನ್ಸು, ಓಡಾಟ ಸೇರಿ ಮೂವತ್ತು ಸಾವಿರದಷ್ಟು ಹೋಯಿತು. ನನ್ನ ಫೀಸೂ ಬರಲಿಲ್ಲ.

ನೋಟಿಸ್ ಅಂಟಿಸುವುದು ಕಡ್ಡಾಯವಲ್ಲ ಎಂಬ 2021ರ ಅಲಹಾಬಾದ್ ಹೈಕೋರ್ಟ್ ತೀರ್ಪನ್ನೂ ಲಗತ್ತಿಸಿ ನೋಡಿದೆ. "ಅದು ಅಲ್ಲಿಯದು" ಅಂದರು ಅಧಿಕಾರಿ.

ಆಮೇಲೆ ಮುಚ್ಚಿಡುವುದನ್ನೇ ಬಿಟ್ಟೆ. ತಕರಾರು ಬರಲಿ, ಆದರೆ ಬರವಣಿಗೆಯಲ್ಲಿ ಬರಲಿ. ನಮ್ಮ ವಕೀಲರು 7(3)ನೇ ಕಲಮು ಓದುವುದೇ ಇಲ್ಲ. ತಕರಾರನ್ನು ನೋಟಿಸ್ ಪುಸ್ತಕದಲ್ಲಿ ಬರೆದು, ಓದಿ ಹೇಳಿ, ತಕರಾರು ಮಾಡಿದವರ ಸಹಿ ಪಡೆಯಬೇಕು. ಕಾರಣವೂ ವಯಸ್ಸು, ಮೊದಲಿನ ಮದುವೆಯಂಥ ಷರತ್ತುಗಳಿರುವ 4ನೇ ಕಲಮಿನದ್ದೇ ಆಗಬೇಕು.

ಮುಂದಿನ ಜೋಡಿಯ ಮದುವೆ ತಡೆಯಲು ಹತ್ತು ಹನ್ನೆರಡು ಜನ ಕಚೇರಿಗೆ ನುಗ್ಗಿದರು. ಅಧಿಕಾರಿ "ಮುಂದಿನ ತಿಂಗಳು ನೋಡೋಣ" ಅನ್ನುವಷ್ಟರಲ್ಲಿ ಕಾಯ್ದೆ ಪುಸ್ತಕ ತೆರೆದು ಮೇಜಿನ ಮೇಲಿಟ್ಟೆ. "ಹುಡುಗ ಬೇರೆ ಧರ್ಮದವನು" ಅಂದರು ಬಂದವರು. ಅದು 4ರಲ್ಲಿ ಇಲ್ಲ. "ಮನೆಯವರ ಒಪ್ಪಿಗೆ ಇಲ್ಲ." ಅದೂ ಇಲ್ಲ. ಸುಳ್ಳು ತಕರಾರಿಗೆ 1,000 ರೂಪಾಯಿವರೆಗೆ ಪರಿಹಾರ ಕಟ್ಟಿಸಬಹುದು ಎಂಬ 9(2)ನ್ನು ನಿಧಾನಕ್ಕೆ ಓದಿದೆ. ಮೊತ್ತ ನಗು ಬರಿಸುವಂಥದ್ದು. ಆದರೂ ಪೆನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತೇ ಹೊರತು ಸಹಿ ಬೀಳಲಿಲ್ಲ. ಕೊನೆಗೆ ಚಿಕ್ಕಪ್ಪನೊಬ್ಬರು ಹುಡುಗಿಗೆ 18 ಆಗಿಲ್ಲ ಎಂದು ಬರೆದುಕೊಟ್ಟರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮುಂದಿಟ್ಟೆವು, ತಕರಾರು ವಜಾ ಆಯಿತು. ಮೂವರು ಸಾಕ್ಷಿಗಳ ಮುಂದೆ ಮದುವೆ ಆಯಿತು. ಹಿರಿಯರು ಈಗ ಇಂಥ ಕೇಸು ನನಗೇ ಕಳಿಸುತ್ತಾರೆ.

ರಕ್ಷಣೆ ಕೋರಿ ಪೊಲೀಸರಿಗೆ ಮೊದಲೇ ಅರ್ಜಿ ಕೊಡುವುದನ್ನೂ ಮಾಡಿ ನೋಡಿದೆ, ಇಂಥ ಜೋಡಿಗಳಿಗೆ ಪೊಲೀಸರು ರಕ್ಷಣೆ ಕೊಡಬೇಕು ಎಂದ ಸುಪ್ರೀಂ ಕೋರ್ಟಿನ 2006ರ ಲತಾ ಸಿಂಗ್ ತೀರ್ಪಿನ ಜೆರಾಕ್ಸ್ ಸಮೇತ. ಒಂದು ಠಾಣೆಯವರು ಸೀಲು ಹಾಕಿಕೊಟ್ಟರು. ಇನ್ನೊಂದರವರು ನೇರ ಅಪ್ಪನಿಗೇ ಫೋನ್ ಮಾಡಿದರು! ಈಗ ಯಾರಿಗೆ, ಯಾವ ದಿನ ಕೊಡುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ. ಎದುರು ಪಾರ್ಟಿಯವರೂ ಓದುತ್ತಾರೆ ಅಲ್ವಾ.

ಇನ್ನೊಂದು. ಅವಿಭಕ್ತ (ಆಸ್ತಿ ಪಾಲಾಗದ) ಕುಟುಂಬದ ಹಿಂದೂ, ಬೇರೆ ಧರ್ಮದವರನ್ನು ಈ ಕಾಯ್ದೆಯಡಿ ಮದುವೆಯಾದರೆ 19ನೇ ಕಲಮಿನಂತೆ ಆ ಕುಟುಂಬದಿಂದ ಬೇರೆಯಾದಂತೆ. ಜಮೀನಿರುವ ಮನೆಯಾದರೆ ನೋಟಿಸಿಗೆ ಮೊದಲೇ ಕೂರಿಸಿ ಹೇಳಿ. ಮದುವೆಯಾದ ಮೇಲೆ ತಿಳಿದರೆ ಬಾಕಿ ಫೀಸು ಮರೆತುಬಿಡಿ.