ಹಿಂದಿನ ಬೆಂಚಿನಲ್ಲಿ ಬಂದು ಕೂತವರು: ಬೋಧನಾ ಫೆಲೋಶಿಪ್‌ನ ನನ್ನ ಅನುಭವ

ಫೆಲೋಶಿಪ್ ಸೇರಬೇಕು ಅಂದುಕೊಂಡವರು ನನ್ನ ಹತ್ತಿರ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಸ್ಟೈಪೆಂಡ್ ಎಷ್ಟು ಬರುತ್ತದೆ? ಮುಗಿದ ಮೇಲೆ ಕೆಲಸ ಸಿಗುತ್ತದಾ? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಹೊಟ್ಟೆಪಾಡು ಯಾರನ್ನೂ ಬಿಟ್ಟಿಲ್ಲ. ಅದರ ಜೊತೆಗೆ ಇನ್ನೊಂದನ್ನೂ ಕೇಳಿ ಅಂತ ನಾನು ಹೇಳುತ್ತೇನೆ: ನಿಮ್ಮ ಪಾಠ ನೋಡಲು ತರಗತಿಗೆ ಬಂದು ಕೂರುವವರು ಯಾರು, ಎಷ್ಟು ಸಲ ಬರುತ್ತಾರೆ? ಶಿಕ್ಷಣದಲ್ಲಿ ನಾನು ಇವತ್ತು ಮಾಡುತ್ತಿರುವ ಕೆಲಸವೆಲ್ಲ ಬೆಳೆದಿದ್ದು ಅಲ್ಲಿಂದಲೇ.

ಈ ದಾರಿಯ ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮಾಮೂಲಿ ದಾರಿಯಲ್ಲಿ ಮೊದಲು ಶಿಕ್ಷಕರ ತರಬೇತಿ, ಆಮೇಲೆ ತರಗತಿ. ಫೆಲೋಶಿಪ್‌ನಲ್ಲಿ ಇದು ಹಿಂದುಮುಂದು. ಬೇರೆ ಬೇರೆ ವಿಷಯ ಓದಿದವರನ್ನು ಆರಿಸಿ, ಕೆಲವು ವಾರ ತಯಾರಿ ಕೊಟ್ಟು, ನೇರವಾಗಿ ಮಕ್ಕಳ ಮುಂದೆ ನಿಲ್ಲಿಸುತ್ತಾರೆ. ಪಾಠ ಮಾಡುತ್ತಲೇ ಪಾಠ ಮಾಡುವುದನ್ನು ಕಲಿಯಬೇಕು. ಅಮೆರಿಕದಲ್ಲಿ ವೆಂಡಿ ಕಾಪ್ 1989ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಮ್ಮ ಪದವಿ ಪ್ರಬಂಧದಲ್ಲಿ ಇಂಥದ್ದೊಂದು ಯೋಜನೆ ಮುಂದಿಟ್ಟರು. ಮರುವರ್ಷವೇ ಟೀಚ್ ಫಾರ್ ಅಮೆರಿಕದ ಮೊದಲ ತಂಡ ಶಾಲೆಗಳಿಗೆ ಹೋಯಿತು. ಇಂಗ್ಲೆಂಡಿನಲ್ಲಿ 2002ರಲ್ಲಿ ಟೀಚ್ ಫಸ್ಟ್ ಶುರುವಾಯಿತು. ಟೀಚ್ ಫಾರ್ ಇಂಡಿಯಾದ ಮೊದಲ ಫೆಲೋಗಳು ತರಗತಿಗೆ ಕಾಲಿಟ್ಟಿದ್ದು 2009ರಲ್ಲಿ. 2007ರಲ್ಲಿ ಹುಟ್ಟಿದ ಟೀಚ್ ಫಾರ್ ಆಲ್ ಜಾಲದಲ್ಲಿ ಈಗ 60ಕ್ಕೂ ಹೆಚ್ಚು ದೇಶಗಳ ಸಂಸ್ಥೆಗಳಿವೆ. ಸಾಮಾನ್ಯವಾಗಿ ಅವಧಿ ಎರಡು ವರ್ಷ. ಇವಲ್ಲದೆ ಸಣ್ಣಪುಟ್ಟ ಫೆಲೋಶಿಪ್‌ಗಳೂ ಬೇಕಾದಷ್ಟಿವೆ.

ನಾನು ಓದಿದ್ದು ವಿಜ್ಞಾನ. ಪಾಠ ಮಾಡುವ ಆಸೆ ಇತ್ತು. ಅದೇ ನನ್ನ ಕೆಲಸವಾ ಅನ್ನುವುದನ್ನು ತರಗತಿಯಲ್ಲೇ ನಿಂತು ನೋಡೋಣ ಅಂತ ಅರ್ಜಿ ಹಾಕಿದೆ. ಮೊದಲ ತರಬೇತಿಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಪಾಠದ ಯೋಜನೆ ಬರೆಯುವುದು, ಗಲಾಟೆಯಾದಾಗ ತರಗತಿಯನ್ನು ಮತ್ತೆ ಪಾಠಕ್ಕೆ ತರುವುದು, ಒಂದಿಷ್ಟು ಅಭ್ಯಾಸ ಪಾಠಗಳು, ಇಷ್ಟೇ. ಅಷ್ಟರಲ್ಲೇ ಯಾರೂ ಶಿಕ್ಷಕರಾಗಿಬಿಡುವುದಿಲ್ಲ.

ನಿಜವಾದ ಕಲಿಕೆ ಶಾಲೆ ಶುರುವಾದ ಮೇಲೆ. ನನ್ನ ಮೆಂಟರ್, ಅಂದರೆ ನನಗೆ ದಾರಿ ತೋರಿಸಲು ಇದ್ದವರು, ತುಂಬಾ ವರ್ಷ ಪಾಠ ಮಾಡಿದವರು. ಬಂದರೆ ಹಿಂದಿನ ಬೆಂಚಿನಲ್ಲಿ ಮಕ್ಕಳ ಪಕ್ಕದಲ್ಲೇ ಕೂರುತ್ತಿದ್ದರು. ಅವರ ನೋಟ್‌ಬುಕ್ಕಿನ ಪುಟದ ನಡುವೆ ಒಂದು ಗೆರೆ. ಎಡಗಡೆ ನಾನು ಹೇಳಿದ್ದು, ಬಲಗಡೆ ಮಕ್ಕಳು ಹೇಳಿದ್ದು ಮತ್ತು ಮಾಡಿದ್ದು. ಅಂಕ ಇಲ್ಲ. ‘ಚೆನ್ನಾಗಿತ್ತು’ ಅಂತಲೂ ಬರೆಯುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಆ ಪುಟ ನನ್ನ ಕೈಗಿಟ್ಟು, “ಓದಿ, ನಿಮಗೇನು ಕಾಣುತ್ತೆ ಹೇಳಿ” ಅನ್ನುತ್ತಿದ್ದರು. ಯಾರಾದರೂ ನಮ್ಮ ಪಾಠ ಹೀಗಿತ್ತು ಹಾಗಿತ್ತು ಅಂದರೆ ವಾದ ಮಾಡಬಹುದು. ನಡೆದದ್ದನ್ನು ನಡೆದ ಹಾಗೆ ಬರೆದು ಕೊಟ್ಟರೆ ವಾದಕ್ಕೆ ಜಾಗವೇ ಇರುವುದಿಲ್ಲ. ಬಲಗಡೆಯ ಸಾಲು ಓದುತ್ತಾ ಹೋದರೆ ಯಾವ ಮಗು ಯಾವ ಮಾತಿನ ಹತ್ತಿರ ನಿಂತಿತು ಅನ್ನುವುದು ತಾನಾಗೇ ಕಾಣುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 62ರಿಂದ 28 ಕಳೆಯುವ ಲೆಕ್ಕ. ಒಬ್ಬ ಹುಡುಗಿಯ ಉತ್ತರ 46. “ತಪ್ಪು ಹಾಕುವ ಮುಂಚೆ ಅವಳನ್ನೇ ಕೇಳೋಣ” ಅಂದರು ಮೆಂಟರ್. ಹೇಗೆ ಮಾಡಿದೆ ಅಂತ ಕೇಳಿದೆ. “2ರಲ್ಲಿ 8 ಹೋಗಲ್ಲ ಅಲ್ವಾ ಟೀಚರ್, ಅದಕ್ಕೆ 8ರಲ್ಲಿ 2 ಕಳೆದೆ” ಅಂದಳು. ಅವಳ ತಲೆಯಲ್ಲಿ ಒಂದು ನಿಯಮ ಇತ್ತು: ಪ್ರತಿ ಸ್ಥಾನದಲ್ಲೂ ಯಾವಾಗಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನೇ ಕಳೆಯಬೇಕು. ಅದೇ ನಿಯಮದಲ್ಲಿ 50ರಿಂದ 17 ಕಳೆದರೆ 47 ಬರುತ್ತದೆ. ಕೊಟ್ಟು ನೋಡಿದೆ, 47ನ್ನೇ ಬರೆದಳು. ಅವತ್ತು ಎಲ್ಲರ ಪುಸ್ತಕ ತಿರುವಿ ಹಾಕಿದೆವು. ಅದೇ ನಿಯಮ ಇನ್ನೂ ಎಷ್ಟೋ ಮಕ್ಕಳಲ್ಲಿ ಸಿಕ್ಕಿತು.

ಮರುದಿನ ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಆರು ಕಟ್ಟು, ಜೊತೆಗೆ ಎರಡು ಬಿಡಿ ಕಡ್ಡಿ ಅವಳ ಮುಂದಿಟ್ಟು, 28 ಕಡ್ಡಿ ಕೊಡು ಅಂದೆ. ಎರಡು ಕಟ್ಟು ತಕ್ಷಣ ಕೊಟ್ಟಳು. ಎಂಟು ಬಿಡಿ ಕಡ್ಡಿ ಬೇಕು, ಇರುವುದು ಎರಡೇ. ಕಡ್ಡಿಗಳನ್ನೇ ನೋಡುತ್ತಾ ಕೂತಳು. ನಾನು ಬಾಯಿ ಬಿಡಲಿಲ್ಲ. ಕೊನೆಗೆ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ತಾನೇ ಬಿಚ್ಚಿದಳು. ಎಂಟು ಎಣಿಸಿ ಕೊಟ್ಟಳು. ಉಳಿದದ್ದು ಮೂರು ಕಟ್ಟು, ನಾಲ್ಕು ಬಿಡಿ. ನಾನು ಏನೂ ಹೇಳದೆ ಪುಸ್ತಕ ತೆಗೆದು 46 ಹೊಡೆದುಹಾಕಿ 34 ಬರೆದಳು.

ಮಕ್ಕಳು ಕಳೆಯುವ ಲೆಕ್ಕದಲ್ಲಿ ಮಾಡುವ ತಪ್ಪುಗಳು ಬಹಳ ಸಲ ಅಜಾಗರೂಕತೆಯಿಂದ ಬಂದವಲ್ಲ, ಅವುಗಳ ಹಿಂದೆ ಮಕ್ಕಳದ್ದೇ ಒಂದು ಕ್ರಮ ಇರುತ್ತದೆ ಅಂತ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ವಿವರವಾಗಿ ತೋರಿಸಿದ್ದರು. ಅದನ್ನು ನಾನು ಓದಿದ್ದು ಆಮೇಲೆ. ಮೊದಲೇ ಓದಿದ್ದರೆ ಅದು ಪರೀಕ್ಷೆಗೆ ಬರುವ ಒಂದು ಪ್ರಶ್ನೆಯಾಗಿ ಉಳಿಯುತ್ತಿತ್ತೇನೋ. ಆ ಹುಡುಗಿಯ ಪುಸ್ತಕ ನೋಡಿದ ಮೇಲೆ ಓದಿದ್ದರಿಂದ ಪ್ರತಿ ಸಾಲೂ ಒಳಗಿಳಿಯಿತು. ಕೆಲಸ ಮೊದಲು, ಓದು ಜೊತೆಗೆ ಅನ್ನುವ ಈ ದಾರಿಯ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಆದರೆ ಪಕ್ಕದಲ್ಲಿ ಅನುಭವಸ್ಥರು ಇದ್ದಾಗ ಮಾತ್ರ.

ಕಾಯುವುದನ್ನೂ ಅಲ್ಲೇ ಕಲಿತೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಅಂತ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಗುರುತಿಸಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡು ಅಂದರೆ ಏನು ಮಹಾ ಅನ್ನಿಸಬಹುದು. ಪಾಠ ಮಾಡುತ್ತಾ ಮನಸ್ಸಿನಲ್ಲೇ ಎಣಿಸಿ ನೋಡಿ, ಎಷ್ಟು ದೀರ್ಘ ಅಂತ ಗೊತ್ತಾಗುತ್ತದೆ. ನಾನು ಎಣಿಸುವ ಅಭ್ಯಾಸ ಮಾಡಿಕೊಂಡೆ. ಮೆಂಟರ್ ಪುಟದಲ್ಲಿ ಬಲಗಡೆಯ ಸಾಲು ನಿಧಾನವಾಗಿ ತುಂಬತೊಡಗಿತು. ಅದನ್ನು ನೋಡಿದ ಖುಷಿ ಯಾವ ಪ್ರಮಾಣಪತ್ರದಲ್ಲೂ ನನಗೆ ಸಿಕ್ಕಿಲ್ಲ.

ಶಾಲೆಯ ಕಾಯಂ ಶಿಕ್ಷಕರ ವಿಷಯವನ್ನೂ ಹೇಳಲೇಬೇಕು. ಫೆಲೋಗಳು ಅಂದರೆ ಬದಲಾವಣೆ ತರಲು ಬಂದವರು ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಪಕ್ಕದ ತರಗತಿಯ ಹಿರಿಯ ಮೇಡಂ ಒಬ್ಬರು ಹಾಜರಿ ಕೂಗುವಾಗಲೇ ಯಾವ ಮಗುವಿಗೆ ಮೈ ಹುಷಾರಿಲ್ಲ, ಯಾರ ಮನೆಯಲ್ಲಿ ಏನೋ ಸರಿಯಿಲ್ಲ ಅಂತ ಗುರುತಿಸುತ್ತಿದ್ದರು. ಅವರ ಅನುಮತಿ ಕೇಳಿ, ಬಿಡುವಿನ ಪೀರಿಯಡ್‌ನಲ್ಲಿ ಅವರ ತರಗತಿಯಲ್ಲಿ ಹೋಗಿ ಕೂರುತ್ತಿದ್ದೆ. ಮುಂದೆ ಅವರೂ ನನ್ನ ತರಗತಿಗೆ ಬಂದರು. ಹಾಗೆ ಒಬ್ಬರ ಪಾಠ ಇನ್ನೊಬ್ಬರು ನೋಡುವ ರೂಢಿ ಆ ಶಾಲೆಯಲ್ಲಿ ಶುರುವಾಯಿತು.

ಈ ದಾರಿಯ ಮೇಲೆ ಇರುವ ಆಕ್ಷೇಪ ಸಣ್ಣದಲ್ಲ. ಎರಡು ವರ್ಷಕ್ಕೆ ಬಂದು ಹೋಗುವವರಿಂದ ಮಕ್ಕಳಿಗೇನು ಸಿಗುತ್ತದೆ ಅಂತ ಕೇಳುತ್ತಾರೆ. ಅಮೆರಿಕದಲ್ಲಿ 2013ರಲ್ಲಿ ಬಂದ ಮ್ಯಾಥಮ್ಯಾಟಿಕಾ ಸಂಸ್ಥೆಯ ಅಧ್ಯಯನದ ಪ್ರಕಾರ, ಟೀಚ್ ಫಾರ್ ಅಮೆರಿಕ ಶಿಕ್ಷಕರ ಹತ್ತಿರ ಗಣಿತ ಕಲಿತ ಪ್ರೌಢಶಾಲಾ ಮಕ್ಕಳು ಅದೇ ಶಾಲೆಯ ಬೇರೆ ಶಿಕ್ಷಕರ ಮಕ್ಕಳಿಗಿಂತ ಸುಮಾರು 2.6 ತಿಂಗಳ ಕಲಿಕೆಯಷ್ಟು ಮುಂದಿದ್ದರು. ಇನ್ನೊಂದು ಕಡೆ, ಲಿಂಡಾ ಡಾರ್ಲಿಂಗ್-ಹ್ಯಾಮಂಡ್ ಮತ್ತು ಸಂಗಡಿಗರು ಹೂಸ್ಟನ್‌ನಲ್ಲಿ ಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಪೂರ್ಣ ತರಬೇತಿ ಪಡೆದ ಶಿಕ್ಷಕರ ಕಡೆಗೇ ತಕ್ಕಡಿ ವಾಲಿತ್ತು. ನನಗೆ ಎರಡರಲ್ಲೂ ಹುರುಳು ಕಾಣುತ್ತದೆ. ಮಕ್ಕಳ ದೃಷ್ಟಿಯಿಂದ ನೋಡಿದರೆ, ಹೊಸ ಶಿಕ್ಷಕರು ಹದಕ್ಕೆ ಬರುವ ಹೊತ್ತಿಗೆ ಹೊರಟುಬಿಡುವುದು ನಷ್ಟವೇ.

ಅದಕ್ಕೇ ಅವಧಿ ಮುಗಿದ ಮೇಲೂ ನಾನು ಅದೇ ಶಾಲೆಯಲ್ಲಿ ಉಳಿದೆ. ಮೂರನೇ ವರ್ಷ ಪಾಠ ಮಾಡುವುದು ಎಷ್ಟು ಹಗುರ ಅನ್ನುವುದನ್ನು ಉಳಿದವರೇ ಬಲ್ಲರು. ಯಾವ ಪಾಠದಲ್ಲಿ ಮಕ್ಕಳು ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಅಂತ ಮೊದಲೇ ಗೊತ್ತಿರುತ್ತದೆ. ಜೊತೆಜೊತೆಗೆ ಶಿಕ್ಷಕರ ಪದವಿಯನ್ನೂ ಮುಗಿಸಿದೆ. ಅದು ಬೇಡ ಅನ್ನುವವರ ಮಾತು ಕೇಳಬೇಡಿ. ಕಾಯಂ ಕೆಲಸಕ್ಕೆ ಬಹಳಷ್ಟು ಕಡೆ ಅದು ಬೇಕೇ ಬೇಕು. ಕೆಲಸಕ್ಕೆ ಬೇಡವಾಗಿದ್ದರೂ ನಾನು ಓದುತ್ತಿದ್ದೆ. ಮಗುವಿನ ಬೆಳವಣಿಗೆ, ಭಾಷೆ ಕಲಿಯುವ ಬಗೆ ಇವನ್ನು ಬರೀ ತರಗತಿಯ ಅನುಭವದಿಂದ ಪೂರ್ತಿ ತಿಳಿಯುವುದು ಕಷ್ಟ.

ಆಮೇಲೆ ನಾನೇ ಮೆಂಟರ್ ಆದೆ. ಈಗ ಹೊಸ ಶಿಕ್ಷಕರ ತರಗತಿಯಲ್ಲಿ ಕೂರುವುದು, ಗಣಿತದ ಅಭ್ಯಾಸ ಹಾಳೆಗಳನ್ನು ತಯಾರಿಸುವುದು ನನ್ನ ಕೆಲಸ. ಹಾಳೆ ಬರೆಯುವಾಗ 62 ಮತ್ತು 28ರಂಥ ಸಂಖ್ಯೆಗಳನ್ನೇ ಹುಡುಕಿ ಹಾಕುತ್ತೇನೆ. 68ರಿಂದ 22 ಕಳೆ ಅಂದರೆ ಆ ತಪ್ಪು ನಿಯಮವೂ 46 ಅನ್ನುವ ಸರಿ ಉತ್ತರವನ್ನೇ ಕೊಟ್ಟುಬಿಡುತ್ತದೆ, ಮಗು ಎಲ್ಲಿ ನಿಂತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ವಾರದಲ್ಲಿ ಕೆಲವು ಪೀರಿಯಡ್ ಪಾಠ ಮಾಡುವುದನ್ನು ಮಾತ್ರ ಬಿಟ್ಟಿಲ್ಲ. ನಮ್ಮ ತಂಡದಲ್ಲಿದ್ದವರಲ್ಲಿ ಕೆಲವರು ಶಾಲೆ ನಡೆಸುತ್ತಿದ್ದಾರೆ, ಕೆಲವರು ಬೇರೆ ಕ್ಷೇತ್ರಕ್ಕೆ ಹೋದರು.

ಸೇರುವ ಮನಸ್ಸಿದ್ದರೆ, ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಎರಡನೇ ವರ್ಷದ ಒಬ್ಬ ಫೆಲೋ ತರಗತಿಯಲ್ಲಿ ಒಂದು ದಿನ ಕೂರಲು ಬಿಡಿ ಅಂತ ಕೇಳಿ. ಗೋಡೆಯ ಚಾರ್ಟ್‌ಗಳನ್ನು ನೋಡಬೇಡಿ, ಮಕ್ಕಳ ಪುಸ್ತಕ ನೋಡಿ. ಮೆಂಟರ್ ಕೊನೆಯ ಸಲ ಯಾವಾಗ ಬಂದಿದ್ದರು, ಏನು ಮಾತಾಡಿದಿರಿ ಅಂತ ಆ ಫೆಲೋನ ಕೇಳಿ. ತಡವರಿಸದೆ ವಿವರ ಹೇಳಿದರೆ ಆ ಕಾರ್ಯಕ್ರಮ ಗಟ್ಟಿಯಾಗಿದೆ ಅಂತ ಅರ್ಥ. ಶಿಕ್ಷಕರ ಪದವಿ ಓದಲು ಬಿಡುವು ಕೊಡುತ್ತಾರಾ, ನೀವು ಹೋದ ಮೇಲೆ ಆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಇವೆರಡನ್ನೂ ಬಾಯಿ ಮಾತಿನಲ್ಲಿ ಬಿಡದೆ ಬರವಣಿಗೆಯಲ್ಲೇ ಕೇಳಿ ಪಡೆಯಿರಿ.