ಕುಲುಮೆಗೂ ಮೊದಲು ಊಟದ ತಟ್ಟೆ: ಮನೆ ಕೂಟದಲ್ಲಿ ದಾನಿಯೇಲನನ್ನು ಓದಿಸುವ ಬಗೆ

ದಸರೆ ಹತ್ತಿರ ಬಂತೆಂದರೆ ನರಸಾಪುರ, ವೇಮಗಲ್ ಕಾರ್ಖಾನೆಗಳಿಗೆ ಹೋಗುವ ಹುಡುಗರು ಮನೆಯಲ್ಲಿ ಸೇರಿ ಬೈಬಲ್ ಓದುವ ಕೋಲಾರದ ನಮ್ಮ ಕ್ರೈಸ್ತ ಕೂಟಕ್ಕೆ ತರುವ ಪ್ರಶ್ನೆ ಒಂದೇ: ಆಯುಧಪೂಜೆಗೆ ಆರತಿ ಎತ್ತು ಅಂದರೆ ಏನು ಮಾಡೋದು? ರಾಜನ ಪ್ರತಿಮೆಗೆ ಅಡ್ಡಬೀಳದ ಮೂವರು ಯೆಹೂದ್ಯರನ್ನು ಬೆಂಕಿ ಕುಲುಮೆಗೆ ಎಸೆದ ಕಥೆ ಎಲ್ಲರಿಗೂ ಬಾಯಿಪಾಠ, ಹಾಗಾಗಿ ನೇರವಾಗಿ ಬೈಬಲಿನ ದಾನಿಯೇಲನ ಪುಸ್ತಕದ 3ನೇ ಅಧ್ಯಾಯಕ್ಕೆ ಹಾರುತ್ತಾರೆ. ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯ ಹುಡುಗ ದಾನಿಯೇಲ ಅರಮನೆ ಊಟ ಒಲ್ಲೆನೆಂದ 1ನೇ ಅಧ್ಯಾಯದಿಂದಲೇ ನಾನು ಶುರು ಮಾಡಿಸುತ್ತೇನೆ.

ಒಂದು ಹಾಳೆ ಉದ್ದಕ್ಕೆ ಮಡಚಬೇಕು. ಎಡಗಡೆ ದಾನಿಯೇಲ ಒಪ್ಪಿಕೊಂಡದ್ದು: ಬೇಲ್ತೆಶಚ್ಚರ ಎಂಬ ಹೊಸ ಹೆಸರು, ಕಸ್ದೀಯರ (ಬಾಬೆಲಿನವರ) ಭಾಷೆ, 3 ವರ್ಷದ ಶಿಕ್ಷಣ, ಪರರಾಜನ ಚಾಕರಿ. ಬಲಗಡೆ ಒಲ್ಲೆನೆಂದದ್ದು: ರಾಜನ ಊಟ ಮತ್ತು ದ್ರಾಕ್ಷಾರಸ, ಅಷ್ಟೆ. ಹಿಂಬದಿಯಲ್ಲಿ ಅವರವರ ಕೆಲಸದ ಜಾಗದ ಪಟ್ಟಿ. ಮೆಷಿನ್ ಒರೆಸುವುದು, ಬಾಳೆಕಂಬ ಕಟ್ಟುವುದು, ಚಂದಾ, ಆರತಿ, ಕಡ್ಲೆಪುರಿ, ಯಾವುದು ಯಾವ ಕಡೆ? ಕಡ್ಲೆಪುರಿ ಮೇಲೆ ಜಗಳ ಗ್ಯಾರಂಟಿ. ವಿಗ್ರಹಕ್ಕೆ ಇಟ್ಟದ್ದನ್ನು ತಿನ್ನುವ ಬಗ್ಗೆ ಇರುವ 1 ಕೊರಿಂಥ 8, ಆಮೇಲೆ 10:25-29 ಓದಿಸಿ ಅವರವರ ಮನಸ್ಸಾಕ್ಷಿಗೆ ಬಿಡುತ್ತೇನೆ. ತಿಂದವರನ್ನು ಮೂದಲಿಸುವ ಹಾಗಿಲ್ಲ.

ಯಾರನ್ನು, ಯಾವಾಗ ಕೇಳಬೇಕು ಅನ್ನುವುದರಲ್ಲೇ ಬಹಳಷ್ಟು ಜನ ಎಡವುವುದು. ದಾನಿಯೇಲ ಮೊದಲು ಕಂಚುಕಿಯರ (ಅರಮನೆ ಸೇವಕರ) ಮುಖ್ಯಸ್ಥನನ್ನು ಕೇಳಿದ. ಹುಡುಗರು ಸೊರಗಿದರೆ ತನ್ನ ತಲೆ ಹೋಗುತ್ತದೆಂದು ಅವನಿಗೆ ಭಯ. ಆಗ ಕೆಳಗಿನ ವಿಚಾರಕನ ಹತ್ತಿರ ಹೋಗಿ, 10 ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ ಎಂದ. ಕೇಳಿಸಿಕೊಂಡವನಿಗೂ ಬಚಾವಾಗುವ ದಾರಿ ತೋರಿಸಿದ. ಸೂಪರ್‌ವೈಸರ್‌ಗೂ ಅಂಥದ್ದೇ ಭಯ: ಮ್ಯಾನೇಜರ್ ಬಂದು ನಿಂತಾಗ ಗಲಾಟೆಯಾಗಬಾರದು. ಆದ್ದರಿಂದ ವಾರ ಮೊದಲೇ, ಟೀ ಹೊತ್ತಿನಲ್ಲಿ, ಒಬ್ಬರೇ ಹೋಗಿ ಹೇಳಬೇಕು: "ಸರ್, ಮೆಷಿನ್ ತೊಳೆದು ಕೊಡ್ತೀನಿ, ಜಾಗ ಗುಡಿಸ್ತೀನಿ, ಆರತಿ ಮಾತ್ರ ಬೇರೆಯವರಿಗೆ ಹೇಳಿ." ಪೂಜೆ ದಿನ ಎಲ್ಲರೆದುರು ಬಾಯಿಬಿಟ್ಟರೆ ಅವರಿಗೆ ಅವಮಾನ, ಆಮೇಲೆ ಹಠ.

ಅಧಿಕಾರಿಗಳಿಗೆ ಅಧೀನರಾಗಿರಿ ಎನ್ನುವ ರೋಮಾಪುರದವರಿಗೆ 13:1-7 ಒಂದನ್ನೇ ಓದಿಸಿದರೆ ಮೇಲಿನವರು ಅಂದದ್ದೆಲ್ಲ ದೇವರ ಮಾತಾಗಿಬಿಡುತ್ತದೆ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎನ್ನುವ ಅಪೊಸ್ತಲರ ಕೃತ್ಯಗಳು 5:29 ಒಂದನ್ನೇ ಓದಿಸಿದರೆ, ತಡವಾಗಿ ಬಂದದ್ದಕ್ಕೆ ಮೆಮೊ ಕೊಟ್ಟರೂ ಹಿಂಸೆ ಅನ್ನುತ್ತಾರೆ. ಆದರೆ ಆ ಮಾತು ಹೇಳಿದ ಅಪೊಸ್ತಲ ಪೇತ್ರನಿಗಿದ್ದ ಆಜ್ಞೆ ಯೇಸುವಿನ ಹೆಸರೆತ್ತಿ ಬೋಧಿಸಬೇಡ ಎಂಬುದು. ಎರಡನ್ನೂ ಒಂದೇ ಸಂಜೆ ಓದಿಸಬೇಕು. 3ನೇ ಅಧ್ಯಾಯ ಕೊನೆಗೆ, ಅದರಲ್ಲೂ 18ನೇ ವಚನದಲ್ಲಿ ನಿಲ್ಲಬೇಕು: ದೇವರು ಬಿಡಿಸದಿದ್ದರೂ ಅಡ್ಡಬೀಳೆವು ಎಂದರು ಕುಲುಮೆಗೆ ಬಿದ್ದ ಆ ಮೂವರು. ಕೆಲಸ ಹೋಗಲೂಬಹುದು ಎಂದು ಹುಡುಗರಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಕಾರ್ಖಾನೆಯ ಒತ್ತಡ ಹುಡುಗರ ಮೇಲಾದರೆ, ಚುನಾವಣೆ ಒತ್ತಡ ಸಭಾ (ಚರ್ಚ್) ಹಿರಿಯರ ಮೇಲೆ ಬರುತ್ತದೆ. ಅಭ್ಯರ್ಥಿ ಆರಾಧನೆಗೆ ಬಂದರೆ ಎಲ್ಲರಂತೆ ಬೆಂಚಿನಲ್ಲಿ ಕೂರಲಿ, ಮೈಕೂ ಇಲ್ಲ, ಹಾರವೂ ಇಲ್ಲ. ಆರಾಧನಾ ಸ್ಥಳದಲ್ಲಿ ಪ್ರಚಾರ ಕೂಡದೆಂದು ಮಾದರಿ ನೀತಿ ಸಂಹಿತೆಯಲ್ಲೇ ಇದೆ. ತನ್ನ ಧರ್ಮ ಮುಂದಿಟ್ಟು ಅಭ್ಯರ್ಥಿ ಮತ ಕೇಳುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯ 123(3)ರಲ್ಲಿ ಭ್ರಷ್ಟ ಆಚರಣೆ. ಬಾಗಿಲಲ್ಲೇ ಇದನ್ನು ಹೇಳಿದರೆ ಹಿರಿಯರಿಗೆ ನಿಷ್ಠುರ ತಪ್ಪುತ್ತದೆ. 1 ತಿಮೊಥೆಯ 2:1-2ರ ಪ್ರಕಾರ ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥನೆಯಂತೂ ನಡೆದೇ ಇರುತ್ತದೆ. ಚುನಾವಣೆ ತಿಂಗಳು ಮಾತ್ರ ಶಾಸಕರು, ಜಿಲ್ಲಾಧಿಕಾರಿ ಎಂದು ಹುದ್ದೆ ಹೇಳುತ್ತೇವೆ, ಹೆಸರು ಹೇಳುವುದಿಲ್ಲ.