ಸಿಎಸ್‌ಎಸ್ ಪೂರ್ತಿ ತುರುಕಬೇಡಿ, ಬೇಕಾದಷ್ಟೇ ಸೇರಿಸಿ

ವೆಬ್ ಪುಟ ನಿಧಾನ ಅಂದ ಕೂಡಲೇ ಕೆಲವರು ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ಸಿಎಸ್‌ಎಸ್ (ಪುಟದ ಬಣ್ಣ, ಅಳತೆ, ಜೋಡಣೆ ಹೇಳುವ ಕೋಡ್) ಫೈಲನ್ನೇ ಪೂರ್ತಿ ಕಾಪಿ ಮಾಡಿ ಎಚ್‌ಟಿಎಂಎಲ್‌ನ ಹೆಡ್ ಒಳಗೆ ಅಂಟಿಸಿಬಿಡುತ್ತಾರೆ. ಬೇರೆ ಫೈಲ್ ಆಗಿದ್ದರೆ ಬ್ರೌಸರ್ ಅದನ್ನು ಒಮ್ಮೆ ತಂದು ಕ್ಯಾಶ್‌ನಲ್ಲಿ, ಅಂದರೆ ತನ್ನ ಸಂಗ್ರಹದಲ್ಲಿ, ಇಟ್ಟುಕೊಳ್ಳುತ್ತಿತ್ತು. ಈಗ ಪ್ರತಿ ಪುಟವೂ ಅದೇ ಹೊರೆ ಹೊತ್ತು ಬರಬೇಕು. ಅಂಟಿಸಬೇಕಾದ್ದು ಮೊದಲ ಪರದೆಗೆ ಬೇಕಾದ ಸ್ಟೈಲ್ ಮಾತ್ರ.

1. ಬ್ಯಾಕಪ್ ತೆಗೆದಿಡಿ.

2. ಬೇಕಾದ ಸ್ಟೈಲ್ ಆರಿಸಿ. ಎಲ್ಲರೂ ಎಡವುವುದು ಇಲ್ಲೇ. ಕ್ರೋಮ್‌ನೊಳಗಿನ ಡೆವಲಪರ್ ಉಪಕರಣವಾದ ಡೆವ್‌ಟೂಲ್ಸ್‌ನಲ್ಲಿ, ಯಾವ ಕೋಡ್ ಬಳಕೆಯಾಯಿತು ಎಂದು ತೋರಿಸುವ ಕವರೇಜ್ ತೆರೆದು ಪುಟವನ್ನು ರೀಲೋಡ್ ಮಾಡಿ. ಬಳಕೆಯಾಗದ ಸಾಲುಗಳು ಕೆಂಪಾಗಿ ಕಾಣುತ್ತವೆ. ಆದರೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಪುಟದ ತಳದಲ್ಲಿರುವ ಫೂಟರ್‌ನ ಸ್ಟೈಲ್ ಕೂಡ ಅದರ ಲೆಕ್ಕದಲ್ಲಿ ‘ಬಳಕೆಯಾದದ್ದು’. ದೊಡ್ಡ ಪರದೆಯಲ್ಲಿ ನೋಡಿದರೆ ಮೊಬೈಲ್‌ಗೆಂದು ಬರೆದ ನಿಯಮಗಳು ಬಳಕೆಯಾಗದವು ಅನ್ನಿಸುತ್ತವೆ. ಹಾಗಾಗಿ ಎರಡೂ ಅಳತೆಯಲ್ಲಿ ನೋಡಿ. ಹೆಡರ್, ಮೆನು, ಶೀರ್ಷಿಕೆ, ಮೊದಲ ಪ್ಯಾರಾ, ಇಷ್ಟರ ನಿಯಮಗಳನ್ನು ಕೈಯಾರೆ ಆರಿಸಿ. ಒಂದೇ ಕ್ಲಿಕ್‌ನಲ್ಲಿ ಎಲ್ಲ ಮಾಡುತ್ತೇವೆ ಅನ್ನುವ ಪ್ಲಗಿನ್‌ಗಳಿವೆ. ನಾನಂತೂ ಹಾಕಿಸುವುದಿಲ್ಲ. ಮೆನು ಯಾಕೆ ಚೆಲ್ಲಾಪಿಲ್ಲಿ ಆಯ್ತು ಅಂತ ಆಮೇಲೆ ಹುಡುಕುವುದೇ ಜಾಸ್ತಿ ಕೆಲಸ.

ಎಷ್ಟಿರಬೇಕು? ಸರ್ವರ್ ಸಾಮಾನ್ಯವಾಗಿ ಮೊದಲ ಕಂತಿನಲ್ಲಿ 10 ಪ್ಯಾಕೆಟ್, ಅಂದರೆ ಸುಮಾರು 14 ಕೆಬಿ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಜಿಜಿಪ್ (ಕಳಿಸುವಾಗ ಫೈಲ್ ಕುಗ್ಗಿಸುವ ವಿಧಾನ) ಆದ ಮೇಲೆ ಎಚ್‌ಟಿಎಂಎಲ್ ಮತ್ತು ಸ್ಟೈಲ್ ಸೇರಿ ಅಷ್ಟರೊಳಗೆ ಹಿಡಿಸಿದರೆ ಒಳ್ಳೆಯದು.

ಆರಿಸಿದ ನಿಯಮಗಳನ್ನು ಹೆಡ್ ಒಳಗೆ ಸ್ಟೈಲ್ ಟ್ಯಾಗ್‌ನಲ್ಲಿ ಅಂಟಿಸಿದ ಮೇಲೆ ಚಿತ್ರ, ಫಾಂಟ್‌ಗಳ ದಾರಿ ಸರಿಪಡಿಸಿ. ಬೇರೆ ಫೈಲ್‌ನಲ್ಲಿದ್ದಾಗ ಆ ದಾರಿ ಸಿಎಸ್‌ಎಸ್ ಇರುವ ಫೋಲ್ಡರ್‌ನಿಂದ ಶುರುವಾಗುತ್ತಿತ್ತು. ಈಗ ಪುಟದ ವಿಳಾಸದಿಂದ. ಇದನ್ನು ಮರೆತು ಲೋಗೋ ಕಳೆದುಕೊಂಡವರು ಬಹಳ. ಚಿತ್ರವನ್ನೇ ಬೇಸ್64 ಮಾಡಿ, ಅಂದರೆ ಅಕ್ಷರಗಳ ಸಾಲಾಗಿಸಿ, ಒಳಗೆ ತುಂಬುವ ಆಸೆ ಬೇಡ, ಗಾತ್ರ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ.

3. ಉಳಿದ ಸಿಎಸ್‌ಎಸ್‌ ಅನ್ನು ಲಿಂಕ್ ಟ್ಯಾಗ್‌ನಲ್ಲೇ ಬಿಡಿ. ಅದರ ಮೀಡಿಯಾ ‘ಪ್ರಿಂಟ್’ ಎಂದಿಟ್ಟು, ಲೋಡ್ ಆದ ಮೇಲೆ ‘ಆಲ್’ ಆಗುವಂತೆ ಬರೆದರೆ ಪುಟ ಅದಕ್ಕಾಗಿ ಕಾಯುವುದಿಲ್ಲ.

4. ಬೇರೆ ಫೈಲ್‌ನಲ್ಲಿರುವ ಸ್ಕ್ರಿಪ್ಟ್‌ಗೆ ಡಿಫರ್ ಹಾಕಿ, ಸಾಕು. ಬ್ರೌಸರ್ ಪುಟ ಓದಿ ಮುಗಿಸಿದ ಮೇಲಷ್ಟೇ ಅದು ಓಡುತ್ತದೆ. ಪುಟ ಮೂಡುವ ಮೊದಲೇ ಡಾರ್ಕ್ ಮೋಡ್ ತೋರಿಸುವಂಥ ನಾಲ್ಕು ಸಾಲು ಇದ್ದರೆ ಮಾತ್ರ ಒಳಗೆ ಬರೆಯಿರಿ. ಒಳಗೆ ಬರೆದ ಸಾಮಾನ್ಯ ಸ್ಕ್ರಿಪ್ಟ್‌ಗೆ ಡಿಫರ್ ಹಾಕಿದರೂ ಅದು ಸುಮ್ನೆ, ಕೆಲಸ ಮಾಡುವುದಿಲ್ಲ. ಈ ಒಳಗಿನ ಸ್ಕ್ರಿಪ್ಟನ್ನು ಸಿಎಸ್‌ಎಸ್ ಲಿಂಕ್‌ಗಿಂತ ಮೇಲೆಯೇ ಇಡಿ. ಕೆಳಗಿಟ್ಟರೆ ಆ ಸಿಎಸ್‌ಎಸ್ ಬರುವ ತನಕ ಸ್ಕ್ರಿಪ್ಟ್ ಕಾಯಬೇಕಾಗಬಹುದು.

5. ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿ ಪರೀಕ್ಷಿಸಿ. ಏನೂ ಬದಲಾಗದಿದ್ದರೆ ಕನ್ಸೋಲ್ ನೋಡಿ. ಸೈಟ್‌ನ ಭದ್ರತಾ ನೀತಿ, ಅಂದರೆ ಸಿಎಸ್‌ಪಿ, ಬಿಗಿಯಾಗಿದ್ದರೆ ಒಳಗೆ ಬರೆದ ಸ್ಟೈಲ್, ಸ್ಕ್ರಿಪ್ಟ್ ಎರಡನ್ನೂ ಬ್ರೌಸರ್ ತಡೆದಿರುತ್ತದೆ. ಅದಕ್ಕೆ ‘ಅನ್‌ಸೇಫ್ ಇನ್‌ಲೈನ್’ ಹಾಕಿ ಬಾಗಿಲು ತೆರೆದಿಡಬೇಡಿ. ನಾನ್ಸ್ (ಪ್ರತಿ ಸಲ ಬದಲಾಗುವ ಗುರುತು) ಅಥವಾ ಹ್ಯಾಶ್ (ಆ ಕೋಡ್‌ನಿಂದಲೇ ಲೆಕ್ಕಹಾಕಿದ ಗುರುತು) ಕೊಡಿ. ಮೂರನೇ ಹಂತದ ಪ್ರಿಂಟ್ ಉಪಾಯವನ್ನೂ ಅದೇ ನೀತಿ ತಡೆಯುತ್ತದೆ. ಅಂಥ ಸೈಟ್‌ನಲ್ಲಿ ಆ ಬದಲಾವಣೆಯನ್ನು ಚಿಕ್ಕ ಸ್ಕ್ರಿಪ್ಟ್‌ನಿಂದ ಮಾಡಿಸಿ.